ನಲ್ಲಿ ನೀರಿನ ಬೆವರು

ಅಲ್ ಮುರಕ್ಕಬಾತ್, ದುಬೈ
12 ಜನವರಿ 2016, ಮಂಗಳವಾರ

ಪ್ರೀತಿಯ ಮಗಳು ಭವ್ಯಶ್ರೀಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀ ಮಗಾ? ಡಿಸೆಂಬರಿನಲ್ಲಿ ಹಿಡಿದ ಕೆಮ್ಮು ಬಿಟ್ಟಿತೋ ಇಲ್ಲವೋ? ಆಸ್ಪತ್ರೆಯ ಲ್ಯಾಬಿನಲ್ಲೇ ಕೆಲಸ ಮಾಡುವವಳು ನೀನು, ನಿನ್ನ ಕಫವನ್ನೂ ಒಮ್ಮೆ ಪರೀಕ್ಷೆ ಮಾಡಿಸಿಕೋ ಎಂದರೆ ಕೇಳುವುದಿಲ್ಲ. ಅಮ್ಮನ ಮಂಡಿ ಹೇಗಿದೆ? ಹೆಜಮಾಡಿಯಿಂದ ಮೂಲ್ಕಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಡ, ರಿಕ್ಷಾ ಮಾಡು ಎಂದು ಅವಳಿಗೆ ಹೇಳು. ನಾನು ಚೆನ್ನಾಗಿದ್ದೇನೆ. ಇಲ್ಲಿ ಈಗ ಚಳಿಗಾಲ, ಅಂದರೆ ನಮ್ಮೂರಿನವರು ಸ್ವೆಟರ್ ಹಾಕಿಕೊಂಡು ಊರಿಗೆ ಫೋಟೊ ಕಳುಹಿಸುವಷ್ಟು ಚಳಿ. ರೂಮಿನಲ್ಲಿ ಆರು ಮಂದಿ ಇದ್ದೆವು, ಒಬ್ಬ ವೀಸಾ ಕ್ಯಾನ್ಸಲ್ ಮಾಡಿಸಿ ಹೋದ ಮೇಲೆ ಕಾಲು ಚಾಚಲು ಸ್ವಲ್ಪ ಜಾಗವಾಗಿದೆ.

ನೀನು ನನ್ನ ಫೋನ್ ಎತ್ತದೆ ಹನ್ನೊಂದು ದಿನವಾಯಿತು. ವಾಟ್ಸಾಪಿನಲ್ಲಿ ಎರಡು ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ನಮ್ಮ ಆಫೀಸಿನ ಪಾಯ್ಸ್ ಗುರುವಾರ ಸಂಜೆಯ ವಿಮಾನಕ್ಕೆ ಮಂಗಳೂರಿಗೆ ಹೊರಟಿದ್ದಾರೆ. ಶುಕ್ರವಾರ ನಿನ್ನ ಆಸ್ಪತ್ರೆಗೇ ಬಂದು ಕೈಯಲ್ಲಿ ಕೊಡುತ್ತೇನೆಂದು ಒಪ್ಪಿದ್ದಾರೆ. ಫೋನನ್ನು ಕಟ್ ಮಾಡಬಹುದು, ಪಾಯ್ಸರನ್ನು ಕಟ್ ಮಾಡಲು ಯಾರಿಂದಲೂ ಆಗಿಲ್ಲ. ಒಂದು ಚಹಾ ಕೊಡಿಸು.

ವಿಷಯ ನಿನಗೆ ಗೊತ್ತೇ ಇದೆ. ಧನುರ್ಮಾಸ ಕಳೆದ ಮೇಲಿನ ಮೊದಲ ಭಾನುವಾರ, ಹದಿನೇಳಕ್ಕೆ, ಮುಂಬೈಯ ಹೊಟೇಲಿನವರು ನಿನ್ನನ್ನು ನೋಡಲು ಬರುತ್ತಾರೆ. ನೀನು ಹರ್ಷಿತ್‌ನನ್ನು ಬಿಟ್ಟರೆ ಬೇರೆಯವನು ಬೇಡ ಎನ್ನುತ್ತೀ. ಹರ್ಷಿತ್‌ನ ಮನೆತನದ ಮೇಲೆ ನನ್ನ ದೂರಿಲ್ಲ. ಮಲ್ಪೆಯ ಐಸ್ ಪ್ಲಾಂಟಿನ ಕೆಲಸದ ಮೇಲೂ ದೂರಿಲ್ಲ. ನನ್ನ ದೂರು ಅವನ ಅಂಗಿಯ ಮೇಲೆ. ಕಳೆದ ಏಪ್ರಿಲ್‌ನಲ್ಲಿ ರಜೆಗೆ ಬಂದಾಗ ಪಡುಬಿದ್ರಿಯಲ್ಲಿ ಅವನ ವಾಲಿಬಾಲ್ ನೋಡಲು ನೀನೇ ಕರೆದುಕೊಂಡು ಹೋಗಿದ್ದೆ. ಉಳಿದ ಐದು ಮಂದಿ ಮಣ್ಣಿನಲ್ಲಿ ಬಿದ್ದು ಹೊರಳುತ್ತಿದ್ದರು. ಇವನು ನೆಟ್ಟಿನ ಬುಡದಲ್ಲಿ ನಿಂತು ಎರಡು ಕೈಯ ಬೆರಳಿನಲ್ಲಿ ಚೆಂಡನ್ನು ಮೇಲಕ್ಕೆ ತಳ್ಳುತ್ತಿದ್ದ, ಅಷ್ಟೇ. ಅದಕ್ಕೆ ಲಿಫ್ಟರ್ ಎಂಬ ದೊಡ್ಡ ಹೆಸರು ಬೇರೆ. ಆಟ ಮುಗಿದು ಕೈ ಕುಲುಕಲು ಬಂದಾಗ ನೋಡಿದೆ, ಅಂಗಿ ಇಸ್ತ್ರಿ ಮಾಡಿ ತಂದ ಹಾಗಿತ್ತು. ಆವತ್ತೇ ನನ್ನ ಮನಸ್ಸು ಮುರಿಯಿತು. ಮುಂಬೈಯ ಹುಡುಗ ಹಾಗಲ್ಲ. ಅಪ್ಪನ ಅಡುಗೆಮನೆಯಲ್ಲಿ ನಿಂತು ತೆಗೆಸಿಕೊಂಡ ಫೋಟೊದಲ್ಲಿಯೂ ಅವನು ಬೆವರಿದ್ದಾನೆ.

ನೀನು ಫೋನಿನಲ್ಲಿ, “ನೀವು ಅಂಗಿ ಮಾತ್ರ ನೋಡಿದ್ದು ಅಪ್ಪಾ, ಆಟ ನೋಡ್ಲೇ ಇಲ್ಲ” ಎಂದು ಹೇಳಿ ಇಟ್ಟುಬಿಟ್ಟೆ. ಹದಿನಾರು ವರ್ಷದಿಂದ ಈ ಫುಟ್ಬಾಲ್ ಕ್ಲಬ್ಬಿನ ಕಿಟ್ ರೂಮಿನಲ್ಲಿ ಆಟಗಾರರ ಜೆರ್ಸಿ, ಚಡ್ಡಿ, ಸಾಕ್ಸ್ ಒಗೆದವನಿಗೆ ಹೇಳುವ ಮಾತೇ ಅದು? ಅಂಗಿ ನೋಡಿದರೆ ಆಟ ನೋಡಿದ ಹಾಗೆಯೇ ಎಂದು ನಿನಗೆ ಅರ್ಥವಾಗಬೇಕು. ಅದಕ್ಕಾಗಿ ಒಬ್ಬ ಮಹಾರಾಯನ ಕಥೆ ಬರೆಯುತ್ತೇನೆ. ಹೆಸರು ಪಾಂಡೆಲಿಸ್ ವೆರ್ಗಾದೋಸ್, ಊರು ಗ್ರೀಸ್, ವಯಸ್ಸು ಮೂವತ್ತಮೂರು. ಆಗಸ್ಟಿನಲ್ಲಿ ನಮ್ಮ ಕ್ಲಬ್ಬಿಗೆ ಬಂದ. ಬರುವಾಗ ಹತ್ತು ನಂಬರಿನ ಜೆರ್ಸಿಯೇ ಬೇಕು ಎಂದ. ಬಂದವರೆಲ್ಲ ಮೊದಲು ಕೇಳುವುದು ಅದನ್ನೇ, ಚೆಂಡನ್ನು ಆಮೇಲೆ ಕೇಳುತ್ತಾರೆ.

ಅವನ ಚರಿತ್ರೆಯನ್ನು ನನಗೆ ಹೇಳಿದ್ದು ಕ್ಲಬ್ಬಿನ ಬಸ್ಸಿನ ಡ್ರೈವರ್ ಶುಕೂರ್. ಉಳ್ಳಾಲದವನು, ಫುಟ್ಬಾಲ್ ಎಂದರೆ ಪ್ರಾಣ ಬಿಡುತ್ತಾನೆ. ಗ್ರೀಕನು ಹದಿನೇಳನೆಯ ವಯಸ್ಸಿಗೇ ಅಥೆನ್ಸಿನ ದೊಡ್ಡ ಕ್ಲಬ್ಬಿನಲ್ಲಿ ಆಡಿದನಂತೆ. ಪೇಪರಿನವರು ದೇವರೇ ಕೂತು ಇವನ ಕಾಲು ಮಾಡಿದ್ದಾನೆ ಎಂದು ಬರೆದರಂತೆ. ಇಪ್ಪತ್ತೊಂದಕ್ಕೆ ಜರ್ಮನಿ, ಅಲ್ಲಿ ಒಂದು ವರ್ಷ ಹೂವಿನ ಹಾರ, ಎರಡು ವರ್ಷ ಬೆಂಚು. ಆಮೇಲೆ ಇಟಲಿ, ಅಲ್ಲಿ ಬೆನ್ನಿನ ಆಪರೇಷನ್. ಆಮೇಲೆ ಟರ್ಕಿ, ಅಲ್ಲಿ ಕೋಚಿನ ಜೊತೆ ಜಗಳ. ಆಮೇಲೆ ಸೈಪ್ರಸ್, ಅಲ್ಲಿ ಏನಾಯಿತೆಂದು ಶುಕೂರನಿಗೂ ಗೊತ್ತಿಲ್ಲ. ಎಲ್ಲ ಕಡೆ ಉಂಡು ಮುಗಿಸಿ ಕೈ ತೊಳೆಯಲು ನಮ್ಮಲ್ಲಿಗೆ ಬಂದ ಎಂದು ನಾನು ಹೇಳಿದೆ. ಶುಕೂರ್ ಫೋನಿನಲ್ಲಿ ಅವನ ಹಳೆಯ ಗೋಲುಗಳನ್ನು ತೋರಿಸಿ ಕಣ್ಣು ಒದ್ದೆ ಮಾಡಿಕೊಂಡ. ಹಳೆಯ ವಿಡಿಯೋದಲ್ಲಿ ಯಾರು ಬೇಕಾದರೂ ಓಡಬಹುದು.

ನಮ್ಮ ಕೆಲಸದ ಕ್ರಮ ನಿನಗೆ ಗೊತ್ತಿರಲಿ. ಇಲ್ಲಿನ ಸೆಕೆಗೆ ಮ್ಯಾಚಿಗೆ ಒಬ್ಬೊಬ್ಬನಿಗೆ ಎರಡು ಜೆರ್ಸಿ ಕೊಡುತ್ತೇನೆ. ಮೊದಲ ಅರ್ಧಕ್ಕೆ ಒಂದು, ಎರಡನೆಯ ಅರ್ಧಕ್ಕೆ ಒಂದು. ಮುಗಿದ ಮೇಲೆ ಎಲ್ಲವನ್ನೂ ನನ್ನ ಬುಟ್ಟಿಗೆ ಹಾಕಬೇಕು. ಮಷಿನ್‌ಗೆ ಹಾಕುವ ಮೊದಲು ಒಂದೊಂದನ್ನೂ ಬಿಡಿಸಿ ನೋಡುತ್ತೇನೆ. ಗೋಲ್‌ಕೀಪರನ ಮೊಣಕೈಯಲ್ಲಿ ಹುಲ್ಲು, ಬ್ಯಾಕ್‌ನಲ್ಲಿ ಆಡುವವರ ಅಂಗಿ ಹಿಂಡಿದರೆ ಅರ್ಧ ಚೆಂಬು ನೀರು, ಒಣಗಿದ ಮೇಲೆ ಉಪ್ಪಿನ ಬಿಳಿ ಗೆರೆ. ಯಾರು ಎಷ್ಟು ಓಡಿದರೆಂದು ಕೋಚಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ಈ ಮಹಾರಾಯನದು ಸೆಪ್ಟೆಂಬರಿನಿಂದ ಈಚೆ ಒಂದೇ ಜೆರ್ಸಿ ಬರುತ್ತಿತ್ತು. ಇನ್ನೊಂದೆಲ್ಲಿ ಎಂದರೆ, “ಫ್ಯಾನ್, ಗಿಫ್ಟ್” ಎಂದು ಕೈ ಬೀಸುತ್ತಿದ್ದ. ಪ್ರತಿ ಮ್ಯಾಚಿಗೆ ಒಂದು ದಾನ! ಸ್ಟೇಡಿಯಂನಲ್ಲಿ ಇರುತ್ತಿದ್ದುದೇ ಎಂಟುನೂರು ಮಂದಿ, ಅದರಲ್ಲಿ ಅರ್ಧ ಪುಕ್ಕಟೆಯೆಂದು ಬಂದವರು. ಪ್ರತಿ ಸಲ ನಾನು ಹೊಸ ಜೆರ್ಸಿಗೆ ಅವನ ಉದ್ದದ ಹೆಸರನ್ನು ಅಂಟಿಸಬೇಕಿತ್ತು. ಬುಟ್ಟಿಗೆ ಬಂದ ಒಂದನ್ನು ಮೂಗಿಗೆ ಹಿಡಿದೆ. ಒದ್ದೆಯಾಗಿತ್ತು, ಆದರೆ ವಾಸನೆ ಇಲ್ಲ, ಉಪ್ಪಿಲ್ಲ. ಒಣಗಿಸಿ ನೋಡಿದೆ, ಗೆರೆ ಬರಲಿಲ್ಲ. ನಲ್ಲಿ ನೀರು! ಬಾತ್‌ರೂಮಿನಲ್ಲಿ ಅಂಗಿಯನ್ನು ಒದ್ದೆ ಮಾಡಿ ಬೆವರು ಎಂದು ನನಗೆ ಮಾರುತ್ತಿದ್ದ. ನನ್ನ ಜನ್ಮದಲ್ಲಿ ಸೋಮಾರಿಗಳನ್ನು ಬೇಕಾದಷ್ಟು ನೋಡಿದ್ದೇನೆ, ಬೆವರನ್ನೂ ಕಲಬೆರಕೆ ಮಾಡಿದವನನ್ನು ಇವನೊಬ್ಬನನ್ನೇ ನೋಡಿದ್ದು.

ಇನ್ನೂ ಕೇಳು. ಉಳಿದವರೆಲ್ಲ ಒಟ್ಟಿಗೆ ಬಟ್ಟೆ ಬದಲಾಯಿಸಿದರೆ ಇವನು ಬಾತ್‌ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದ, ಮದುಮಗಳ ಹಾಗೆ. ಹೊಟ್ಟೆ ಬಂದಿದೆ, ನಾಚಿಕೆ ಎಂದು ನಾವು ನಗುತ್ತಿದ್ದೆವು. ಅಂಗಿಯನ್ನು ಚಡ್ಡಿಯೊಳಗೆ ಸಿಕ್ಕಿಸಿಕೊಂಡು ಆಡುತ್ತಿದ್ದ, ಶಾಲೆಯ ಡ್ರಿಲ್ಲಿಗೆ ಹೋಗುವವರ ಹಾಗೆ. ಸೆಪ್ಟೆಂಬರಿನಲ್ಲಿ ಅಬುಧಾಬಿಯ ಮ್ಯಾಚಿನಲ್ಲಿ ಹಿಂದಿನಿಂದ ಒಬ್ಬನ ಮೊಣಕಾಲು ತಾಗಿತು, ಮೂರು ನಿಮಿಷ ನೆಲ ಬಿಟ್ಟು ಏಳಲಿಲ್ಲ. ಬಯಲಾಟದಲ್ಲಿ ರಾಕ್ಷಸ ಸಾಯುವುದಕ್ಕೂ ಇಷ್ಟು ಹೊತ್ತು ಹಿಡಿಯುವುದಿಲ್ಲ ಎಂದೆ. ಎದ್ದವನು ಉಳಿದ ಆಟವನ್ನೆಲ್ಲ ನಡೆದುಕೊಂಡೇ ಮುಗಿಸಿದ. ಕೊನೆಗೆ ಒಂದು ಸಲ ಚೆಂಡು ಕಾಲಿಗೆ ಬಂತು. ನೋಡಲೂ ಇಲ್ಲ, ತಲೆ ಆ ಕಡೆ, ಕಾಲು ಈ ಕಡೆ. ಚೆಂಡು ನಾಲ್ಕು ಮಂದಿಯ ನಡುವೆ ಹೋಗಿ ನಮ್ಮವನ ಕಾಲ ಬುಡದಲ್ಲಿ ಬಿತ್ತು, ಗೋಲು. ಶುಕೂರ್ ನನ್ನ ಕೈ ಹಿಡಿದು, “ಸೇಸಪ್ಪಣ್ಣಾ, ಅವ ಓಡಿದ್ದು ನೋಡ್ಬೇಡಿ, ಚೆಂಡು ಹೋದದ್ದು ನೋಡಿ ಮಾರಾಯ್ರೆ!” ಎಂದು ಕುಣಿದ. ತೊಂಬತ್ತು ನಿಮಿಷದಲ್ಲಿ ಒಂದು ಒದೆ. ಓಡಿ ಸತ್ತವನು ಇನ್ನೊಬ್ಬ, ಮರುದಿನ ಪೇಪರಿನಲ್ಲಿ ಫೋಟೊ ಇವನದು.

ಕೊನೆಯ ಅಧ್ಯಾಯವನ್ನು ಬರೆದವನು ನಿನ್ನ ಅಪ್ಪ. ಜನವರಿಯಲ್ಲಿ ಹೊಸ ವಿದೇಶಿ ಆಟಗಾರನನ್ನು ತರಬೇಕಾದರೆ ಇದ್ದ ನಾಲ್ವರಲ್ಲಿ ಒಬ್ಬನನ್ನು ತೆಗೆಯಬೇಕು. ಡಿಸೆಂಬರಿನ ಮೀಟಿಂಗಿಗೆ ನನ್ನನ್ನೂ ಕರೆದರು. ಮ್ಯಾನೇಜರ್, ಯಾವಾಗಲೂ ಕೋಟು ಹಾಕಿರುವ ಮನುಷ್ಯ, ತಮಾಷೆಗೆ, “ಸೇಸಪ್ಪ, ಯುವರ್ ಒಪಿನಿಯನ್?” ಎಂದ. ನಾನು ತಮಾಷೆಗೆ ಹೋದವನಲ್ಲ. ಮೂರು ಮ್ಯಾಚಿನ ಮೂರು ಜೆರ್ಸಿಯನ್ನು ಒಗೆಯದೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟುಕೊಂಡಿದ್ದೆ. ಮೇಜಿನ ಮೇಲಿಟ್ಟು, “ಸ್ಮೆಲ್ ಸರ್” ಎಂದೆ. ಒಬ್ಬೊಬ್ಬರೂ ಮೂಸಿ ನೋಡಿದರು. ಇಡೀ ಕೋಣೆ ನಕ್ಕಿತು. ವಾರದೊಳಗೆ ಗ್ರೀಕನಿಗೆ ಖಲಾಸ್ ಎಂದರು. ಹದಿನಾರು ವರ್ಷದಲ್ಲಿ ನನ್ನ ಮಾತಿಗೆ ಆ ಕೋಣೆಯಲ್ಲಿ ತೂಕ ಬಂದದ್ದು ಅದೇ ಮೊದಲು, ಸುಳ್ಳೇಕೆ, ನನಗೆ ಬಹಳ ಖುಷಿಯಾಯಿತು. ಹೀಗೆ ಬೆರಳ ತುದಿಯಲ್ಲಿ ಆಡುವವರು, ಅಂಗಿ ಕೊಳೆಯಾಗದವರು, ಹೆಂಡತಿ ಮಕ್ಕಳ ಭಾರ ಹೊರುವವರಲ್ಲ. ಆದ್ದರಿಂದ ಭಾನುವಾರ ಒಳ್ಳೆಯ ಸೀರೆ ಉಟ್ಟು

ಗುರುವಾರ, 14 ಜನವರಿ

ಮೇಲಿನ ವಾಕ್ಯ ಅರ್ಧಕ್ಕೆ ನಿಂತದ್ದು ಶುಕೂರ್ ಊಟಕ್ಕೆ ಕರೆದದ್ದರಿಂದ. ನಿನ್ನೆ ಮುಗಿಸೋಣವೆಂದಿದ್ದೆ, ಆಗಲಿಲ್ಲ. ಹಿಂದಿನ ಹಾಳೆಗಳನ್ನು ಹರಿದು ಹಾಕಲು ಎರಡು ಸಲ ಕೈಗೆತ್ತಿಕೊಂಡೆ. ಹರಿಯಲಿಲ್ಲ, ನಿನ್ನ ಅಪ್ಪ ಎಂಥವನೆಂದು ನಿನಗೆ ಗೊತ್ತಿರಲಿ. ಈಗ ಬರೆಯುವುದನ್ನೂ ಓದು.

ನಿನ್ನೆ ಬೆಳಿಗ್ಗೆ ಗ್ರೀಕನ ಮನೆಯಿಂದ ಕ್ಲಬ್ಬಿನ ಸಾಮಾನು ವಾಪಸು ತರಲು ನನ್ನನ್ನೂ ಶುಕೂರನನ್ನೂ ಮಿರ್ದಿಫ್‌ಗೆ ಕಳುಹಿಸಿದರು. ಚಂದದ ವಿಲ್ಲಾ, ಒಳಗೆ ಏನೂ ಇಲ್ಲ, ಒಂದು ಮಂಚ, ಒಂದು ಟಿ.ವಿ., ಎರಡು ಪೆಟ್ಟಿಗೆ. ಅವನೇ ಬಾಗಿಲು ತೆರೆದ. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ನಾಟಕ ಇನ್ನೂ ಮುಗಿದಿಲ್ಲ ಎಂದು ನಾನು ಶುಕೂರನ ಕಿವಿಯಲ್ಲಿ ಹೇಳಿದೆ. ಶೂ, ಬ್ಯಾಗು, ಚೆಂಡು ಎಲ್ಲವನ್ನೂ ಲೆಕ್ಕ ಮಾಡಿ ತೆಗೆದುಕೊಂಡೆವು. ಜೆರ್ಸಿ ಎಂದಾಗ ಅವನು ನನ್ನ ಮುಖ ನೋಡಿದ, ಆಮೇಲೆ ಬಾ ಎಂದು ಬಾತ್‌ರೂಮಿನ ಕಡೆ ಕೈ ಮಾಡಿದ.

ಅಲ್ಲಿ ಹಗ್ಗ ಕಟ್ಟಿತ್ತು. ಹಗ್ಗದ ತುಂಬ ಹತ್ತು ನಂಬರಿನ ಜೆರ್ಸಿಗಳು. ಹದಿನಾಲ್ಕು ಎಣಿಸಿದೆ. ಯಾವ ಫ್ಯಾನಿಗೂ ದಾನ ಹೋಗಿರಲಿಲ್ಲ, ಅವನು ಮೈಮೇಲೆ ಹಾಕಿ ಆಡಿದ ಅಂಗಿಗಳೆಲ್ಲ ಅಲ್ಲೇ ಇದ್ದವು. ಕೆಳಗೆ ಬಕೆಟ್ಟು, ಬಟ್ಟೆ ಸೋಪು. ಒಂದೊಂದು ಅಂಗಿಯ ಸೊಂಟದ ಹತ್ತಿರವೂ ಕಂದು ಬಣ್ಣದ ಎರಡು ಪಟ್ಟಿ. ರಕ್ತದ ಕಲೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಹಾಕಿದ್ದ ಬನಿಯನ್ನನ್ನು ಎತ್ತಿ ತೋರಿಸಿದ. ಬೆನ್ನಿಗೆ ಅಗಲದ ಬೆಲ್ಟು, ಉಸಿರು ಕಟ್ಟುವ ಹಾಗೆ ಬಿಗಿದದ್ದು. ಅದರ ಎರಡು ಅಂಚಿನಲ್ಲಿಯೂ ಚರ್ಮ ಕಿತ್ತು ಬಂದಿತ್ತು. ಅಬುಧಾಬಿಯಲ್ಲಿ ಬಿದ್ದನಲ್ಲ, ಆವತ್ತು ಹಳೆಯ ಆಪರೇಷನ್ ಆದ ಜಾಗಕ್ಕೇ ಪೆಟ್ಟಾಗಿತ್ತು. ಅಲ್ಲಿಂದ ಮೇಲೆ ಬೆಲ್ಟಿಲ್ಲದೆ ನಿಲ್ಲಲು ಆಗುತ್ತಿರಲಿಲ್ಲ. ಕ್ಲಬ್ಬಿನ ಡಾಕ್ಟರ್ ನೋಡಿದರೆ ಆಟ ಅಲ್ಲಿಗೇ ಮುಗಿಯುತ್ತದೆ ಎಂದು ಒಬ್ಬರಿಗೂ ಹೇಳಲಿಲ್ಲ. ಎರಡೂ ಅರ್ಧಕ್ಕೆ ಒಂದೇ ಅಂಗಿ ಹಾಕಿ ಆಡುವುದು, ಅದನ್ನು ಬ್ಯಾಗಿನಲ್ಲಿ ಮನೆಗೆ ತರುವುದು, ಹಾಕದ ಇನ್ನೊಂದನ್ನು ನಲ್ಲಿಯಲ್ಲಿ ಒದ್ದೆ ಮಾಡಿ ನನ್ನ ಬುಟ್ಟಿಗೆ ಎಸೆಯುವುದು. “ಯು ಸೀ ಬ್ಲಡ್, ಡಾಕ್ಟರ್ ಸೀ ಬ್ಲಡ್” ಎಂದ. ಡಾಕ್ಟರಿಗಿಂತ ಹೆಚ್ಚಾಗಿ ನನಗೇ ಹೆದರಿದ್ದ, ಮಗಾ. ಬೆವರಿಲ್ಲವೆಂದು ನನ್ನ ಮೂಗು ಹೇಳಿದ್ದು ಸರಿಯಾಗಿಯೇ ಇತ್ತು. ಏಕೆ ಇಲ್ಲವೆಂದು ನಾನು ಒಂದು ಸಲವೂ ಕೇಳಲಿಲ್ಲ.

ಆಗ ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? “ಹಾಟ್ ವಾಟರ್ ನೋ!” ಎಂದು ಅವನಿಗೆ ಬೈದೆ. ರಕ್ತದ ಬಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ, ತಣ್ಣೀರಿನಲ್ಲಿ ನೆನೆಹಾಕಬೇಕು. ಅಷ್ಟೂ ತಿಳಿಯದ ದಡ್ಡ, ಹದಿನಾಲ್ಕು ಜೆರ್ಸಿಯನ್ನೂ ಹಾಳು ಮಾಡಿಟ್ಟಿದ್ದ. ಅವನು ನಕ್ಕ. ತನ್ನ ಮೂಗನ್ನು ಬೆರಳಿನಿಂದ ತಟ್ಟಿ, “ಮ್ಯಾನೇಜರ್ ಟೆಲ್ ಮೀ. ಗುಡ್ ನೋಸ್” ಎಂದ. ಕೋಟಿನವನು ಅವನಿಗೆ ಖಲಾಸ್ ಹೇಳುವಾಗ ನನ್ನ ಹೆಸರನ್ನೂ ಹೇಳಿದ್ದಾನೆ! ಗ್ರೀಕ ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಶುಕೂರ್ ವ್ಯಾನಿನಲ್ಲಿ ಮುನಿಸಿನಿಂದ ಜೆರ್ಸಿಗಳ ಚೀಲವನ್ನು ನನ್ನ ಮಡಿಲಿಗೆ ಎಸೆದು ರೇಡಿಯೋ ಜೋರು ಮಾಡಿದ.

ಇದನ್ನು ಓದಿ ನಾನು ಗ್ರೀಕನ ಭಕ್ತನಾದೆ ಎಂದುಕೊಳ್ಳಬೇಡ. ಅವನು ಡಾಕ್ಟರಿಗೆ ಸುಳ್ಳು ಹೇಳಿದ, ಕೋಚಿಗೆ ಸುಳ್ಳು ಹೇಳಿದ, ಓಡಲಾರದ ಮೈಯನ್ನು ತಂಡದ ಮೇಲೆ ಹೇರಿದ. ಇನ್ನೊಂದು ವರ್ಷ ಆಡಬೇಕೆಂಬ ಆಸೆಗೆ ನಡು ಮುರಿದುಕೊಂಡವನಿಗೆ ಬುದ್ಧಿವಂತ ಎನ್ನಲು ನನ್ನಿಂದಾಗದು. ಆದರೆ ಅವನನ್ನು ಸೋಮಾರಿ ಎಂದೆನಲ್ಲ, ನಾಲ್ಕು ಮಂದಿಯ ಮುಂದೆ ಅಂಗಿ ಮೂಸಿಸಿ ನಗಿಸಿದೆನಲ್ಲ, ಅದು ಹೇಸಿಗೆಯ ಕೆಲಸ. ಅವನ ನಲ್ಲಿ ನೀರಿಗಿಂತ ನನ್ನ ಆ ದಿನದ ಖುಷಿಯೇ ಹೆಚ್ಚು ನಾಚಿಕೆಗೇಡು.

ಈವತ್ತು ಬೆಳಿಗ್ಗೆ ಎರಡು ಕಲೆಯ ಜೆರ್ಸಿ ತೆಗೆದುಕೊಂಡು ಕೋಟಿನವನ ಕೋಣೆಗೆ ಹೋದೆ. ನಾನು ಹೇಳಿದ್ದು ತಪ್ಪು ಸರ್, ಅವನು ಇಂಥ ಬೆನ್ನಿನಲ್ಲಿ ಆಡಿದ್ದಾನೆ ಎಂದೆ. ಅವನು ಜೆರ್ಸಿಯನ್ನು ಮುಟ್ಟಲೂ ಇಲ್ಲ. ಫೋನ್ ನೋಡುತ್ತಲೇ, ಬೆನ್ನು ಹಾಳಾಗಿತ್ತೇ, ಹಾಗಾದರೆ ತೆಗೆದದ್ದು ಇನ್ನೂ ಒಳ್ಳೆಯದಾಯಿತು ಎಂದ. ಬ್ರೆಜಿಲ್‌ನವನೊಬ್ಬ ಬಂದಾಗಿದೆ, ಹತ್ತು ನಂಬರಿಗೆ ಅವನ ಹೆಸರು ಅಂಟಿಸು ಎಂದ. ಇಷ್ಟೇ ನೋಡು ಆ ಕೋಣೆಯಲ್ಲಿ ನನ್ನ ಮಾತಿಗೆ ಬಂದ ತೂಕ. ಅವರಿಗೆ ಬೇಕಾದ ಮಾತಾಡಿದಾಗ ತಕ್ಕಡಿ ಇಡುತ್ತಾರೆ, ಬೇಡವಾದಾಗ ಎತ್ತಿಬಿಡುತ್ತಾರೆ. ಗ್ರೀಕನ ವಿಮಾನ ನಾಳೆ. ಅವನ ವಿಷಯದಲ್ಲಿ ಇನ್ನು ನನ್ನಿಂದ ಸರಿಮಾಡಲು ಏನೂ ಉಳಿದಿಲ್ಲ.

ಇನ್ನು ಹರ್ಷಿತ್‌ನ ವಿಷಯ. ಅವನಿಗೂ ಬೆನ್ನುನೋವಿರಬಹುದು ಎಂದು ಊಹಿಸಿ ಕರಗುವಷ್ಟು ಮೆದು ಮನುಷ್ಯ ನಾನಲ್ಲ. ಅವನು ನಿಜಕ್ಕೂ ಸೋಮಾರಿಯೇ ಇರಬಹುದು. ಆದರೆ ನನಗೆ ಗೊತ್ತಿಲ್ಲ. ಒಂದು ಗಂಟೆ, ಅದೂ ಅಂಗಿಯನ್ನು ನೋಡಿ, ನಿನ್ನ ಐದು ವರ್ಷದ ಪರಿಚಯವನ್ನು ಅಳಿಸಿ ಹಾಕಲು ಹೊರಟಿದ್ದೆ. ಲಿಫ್ಟರ್ ಎಂದರೇನೆಂದು ನಿನ್ನೆ ಶುಕೂರನನ್ನು ಕೇಳಿದೆ. ಮುನಿಸಿನಲ್ಲಿಯೇ ಹೇಳಿದ, “ಅವ ಎತ್ತಿ ಕೊಡದಿದ್ರೆ ಉಳಿದವ್ರು ಎಂತ ಹೊಡಿಯುದು?” ಎಂದು. ಇಪ್ಪತ್ತಾರು ವರ್ಷದ ಮಗಳ ಅಪ್ಪ, ನನಗೆ ಅದೂ ತಿಳಿದಿರಲಿಲ್ಲ.

ಪಾಯ್ಸ್ ಕೆಳಗೆ ಟ್ಯಾಕ್ಸಿಯಲ್ಲಿ ಕಾಯುತ್ತಿದ್ದಾರೆ, ಹಾರ್ನ್ ಹೊಡೆಸುತ್ತಿದ್ದಾರೆ. ಕೆಮ್ಮಿಗೆ ಬಿಸಿನೀರು ಕುಡಿ. ಅಮ್ಮನಿಗೆ ನನ್ನ ನೆನಪು ಹೇಳು, ಮನೆದೈವ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಪ್ಪ,
ಸೇಸಪ್ಪ

ಮರೆತೆ: ಮಧ್ಯಾಹ್ನವೇ ಮುಂಬೈಯವರಿಗೆ ಫೋನ್ ಮಾಡಿ ಭಾನುವಾರ ಬರಬೇಡಿ ಎಂದೆ. ಹುಡುಗಿಗೆ ಮನಸ್ಸಿಲ್ಲ, ನಾನು ಅವಳನ್ನು ಕೇಳದೆ ಮಾತು ಕೊಟ್ಟಿದ್ದೆ, ತಪ್ಪು ನನ್ನದು ಎಂದೆ. ಹುಡುಗನ ಅಪ್ಪ ಬೈದರು, ಬೈಸಿಕೊಂಡೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲ, ಅವಳು ನೆರೆಮನೆಗಳಿಗೆಲ್ಲ ಹೇಳಿ ಆಗಿದೆ, ನಾಳೆ ಅತ್ತೆಯಂದಿರೂ ಬಂದು ಸೇರುತ್ತಾರೆ. ಈ ಕಾಗದ ಕೈಗೆ ಬಂದ ಕೂಡಲೇ ಅರ್ಧ ದಿನ ರಜೆ ಹಾಕಿ ಮನೆಗೆ ಹೋಗಿ ಹೇಳು. ನಿನ್ನದೆಂದು ಒಂದು ಮಾತೂ ಹೇಳಬೇಡ, ಅಪ್ಪನೇ ಬೇಡವೆಂದರು ಎನ್ನು. ಹರ್ಷಿತ್‌ಗೆ ನಾನು ಒಪ್ಪಿದೆ ಎಂದು ಹೇಳಬೇಡ, ಒಪ್ಪಿಲ್ಲ. ಏಪ್ರಿಲ್‌ನಲ್ಲಿ ಬರುತ್ತೇನೆ, ಮನೆಗೆ ಬರಲಿ, ಅವನ ಹತ್ತಿರ ಕೇಳಬೇಕಾದ್ದನ್ನು ಅವನ ಹತ್ತಿರವೇ ಕೇಳುತ್ತೇನೆ.